ಎಪ್ಪತ್ತು ದಾಟಿದ ಮೇಲೆ ಆನ್‌ಲೈನ್ ಭದ್ರತೆ: ಪಾಸ್‌ವರ್ಡ್‌ಗಳನ್ನು ಮಕ್ಕಳಿಗೆ ಕೊಟ್ಟುಬಿಡಬೇಕಾ?

ಸಂಜೆಬೆಳಕು
ನನಗೆ ಈಗ 71. ಕಂಪ್ಯೂಟರ್ ಕಲಿತದ್ದು ನಿವೃತ್ತಿಗೂ ಮುಂಚೆ, ಕಚೇರಿಯಲ್ಲೇ. ಇಮೇಲ್, ಬ್ಯಾಂಕ್, ಬಿಲ್ ಕಟ್ಟುವುದು, ಔಷಧಿ ತರಿಸುವುದು, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಹೊಸದು ಕಲಿಯುವುದು ನನಗೆ ಕಷ್ಟವಲ್ಲ. ಕಲಿತದ್ದು ಕೈಗೆ ಹತ್ತುವಷ್ಟರಲ್ಲಿ ಬದಲಾಗಿಬಿಡುತ್ತದೆ, ಕಷ್ಟ ಅದು.

ಒಂದು ಕಾಲಕ್ಕೆ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದರು. ಬೀಗದ ಚಿಹ್ನೆ ಇದ್ದರೆ ಸೈಟನ್ನು ನಂಬಬಹುದು ಎಂದರು. ಅಕ್ಷರ ತಪ್ಪಿದ್ದರೆ ಮೋಸದ ಮೇಲ್ ಎಂದರು. ಈಗ ಬ್ರೌಸರ್‌ನಲ್ಲಿ ಆ ಬೀಗವೇ ಕಾಣುತ್ತಿಲ್ಲ. ಮೋಸದ ಮೇಲ್‌ಗಳಲ್ಲಿ ಒಂದು ಅಕ್ಷರವೂ ತಪ್ಪಿರುವುದಿಲ್ಲ. ಇತ್ತೀಚೆಗೆ ಇಮೇಲ್ ತೆರೆದಾಗೆಲ್ಲ ‘ಪಾಸ್‌ಕೀ ಮಾಡಿಕೊಳ್ಳಿ’ ಎಂದು ಕೇಳುತ್ತಿದೆ. ಒತ್ತಬೇಕಾ ಬೇಡವಾ?

ಮಗ ಹೇಳುವುದು, ‘ಅಮ್ಮಾ, ಪಾಸ್‌ವರ್ಡ್ ಎಲ್ಲ ನನಗೆ ಕೊಟ್ಟುಬಿಡು, ನಾನೇ ನೋಡಿಕೊಳ್ಳುತ್ತೇನೆ.’ ಪ್ರೀತಿಯಿಂದಲೇ ಹೇಳುತ್ತಾನೆ. ಆದರೆ ನನ್ನ ವ್ಯವಹಾರ ನನ್ನ ಕೈಯಲ್ಲೇ ಇರಬೇಕು ಅಂತ ನನಗೆ. ಬುದ್ಧಿ ಚುರುಕಾಗಿ ಇರುವಷ್ಟು ದಿನ ನಾನೇ ನಡೆಸಬೇಕು, ನಾಳೆ ಆಗದಿದ್ದರೆ ಅವನಿಗೂ ಸಿಗಬೇಕು. ಇದಕ್ಕೆ ದಾರಿ ಇದೆಯಾ? ನನ್ನ ಪಾಸ್‌ವರ್ಡ್‌ಗಳೆಲ್ಲ ಒಂದು ನೋಟ್‌ಬುಕ್‌ನಲ್ಲಿವೆ, ಅದನ್ನೂ ಹೇಳಿಬಿಡುತ್ತೇನೆ.

ಸುಮ್ನೆಬಂದೆ
ಮೊದಲು ಆ ನೋಟ್‌ಬುಕ್ ಹರಿದು ಹಾಕಿ ಮೇಡಂ. ಪಾಸ್‌ವರ್ಡ್ ಬರೆದಿಡಬಾರದು, ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಕೀಲಿಗೊಂಚಲು
ದಯವಿಟ್ಟು ಹರಿಯಬೇಡಿ! ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನು. ‘ಬರೆದಿಡಬಾರದು’ ಅನ್ನುವುದು ಕಚೇರಿಗೆ ಮಾಡಿದ ಮಾತು. ಅಲ್ಲಿ ಮಾನಿಟರ್ ಮೇಲೆ ಚೀಟಿ ಅಂಟಿಸಿದರೆ ಹತ್ತು ಜನ ನೋಡುತ್ತಾರೆ. ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ದೂರದೇಶದ ಕಳ್ಳ ಓದಲಾರ. ಅವನು ಬರುವುದು ಇಂಟರ್ನೆಟ್ ಮೂಲಕ. ಬರೆದಿಡಬಾರದು ಅಂತ ಹೆದರಿದವರು ಏನು ಮಾಡುತ್ತಾರೆ ಹೇಳಿ. ನೆನಪಿರಲಿ ಅಂತ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಡುತ್ತಾರೆ. ನಿಜವಾದ ಅಪಾಯ ಅದು. ಯಾವುದೋ ಸಣ್ಣ ಸೈಟ್‌ನಿಂದ ಪಾಸ್‌ವರ್ಡ್ ಕದ್ದು ಹೋದರೆ, ಕಳ್ಳರು ಅದೇ ಇಮೇಲ್, ಅದೇ ಪಾಸ್‌ವರ್ಡ್ ಹಾಕಿ ಬೇರೆ ನೂರು ಕಡೆ ತಟ್ಟಿ ನೋಡುತ್ತಾರೆ. ಯಂತ್ರವೇ ತಟ್ಟುತ್ತದೆ, ಅವರು ಕೂತು ಟೈಪ್ ಮಾಡುವುದೂ ಇಲ್ಲ.

ಮೂರು ತಿಂಗಳ ನಿಯಮ ಈಗಿಲ್ಲ. 2003ರಲ್ಲಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ ಮಾರ್ಗಸೂಚಿಯಲ್ಲಿ ಅಂಥ ಸಲಹೆಗಳನ್ನು ಬರೆದ ಬಿಲ್ ಬರ್ ಅವರೇ, ಅದರಲ್ಲಿ ಬಹುಪಾಲಿನ ಬಗ್ಗೆ ಈಗ ವಿಷಾದವಿದೆ ಎಂದು 2017ರಲ್ಲಿ ಹೇಳಿದರು. ಅದೇ ವರ್ಷ ಬಂದ ಹೊಸ ಮಾರ್ಗಸೂಚಿ, ಕದ್ದುಹೋದ ಸುಳಿವು ಸಿಗದ ಹೊರತು ಸುಮ್ನೆ ಬದಲಿಸಬೇಕಾಗಿಲ್ಲ ಎಂದಿತು. ಪದೇ ಪದೇ ಬದಲಿಸು ಎಂದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೇ.

ಮೂರನೇಮಹಡಿ
ನೋಟ್‌ಬುಕ್ ಸರಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಯಸ್ಸಾದವರ ಹಣ ಹೋಗುವುದು ಯಾವಾಗಲೂ ದೂರದವರಿಂದಲೇ ಅಲ್ಲ. ಮನೆಗೆ ಬಂದು ಹೋಗುವವರಿರುತ್ತಾರೆ, ನೋಡಿಕೊಳ್ಳಲು ಇಟ್ಟವರಿರುತ್ತಾರೆ, ಕೆಲವೊಮ್ಮೆ ನೆಂಟರೇ ಇರುತ್ತಾರೆ. ಕಹಿಯಾದರೂ ಹೇಳಲೇಬೇಕು.

ನೀಲಿಪೆನ್ನು
ಅದಕ್ಕೆ ನಮ್ಮ ತಂದೆಯವರು ಮಾಡುವ ಉಪಾಯ: ಪುಸ್ತಕದಲ್ಲಿ ಬರೆದಿರುವುದು ಮುಕ್ಕಾಲು ಪಾಸ್‌ವರ್ಡ್ ಮಾತ್ರ. ಉಳಿದ ಒಂದು ಸಣ್ಣ ಪದ ತಲೆಯಲ್ಲಿದೆ. ಪುಸ್ತಕ ಕದ್ದವನಿಗೆ ಉಪಯೋಗವಿಲ್ಲ.

ಮೂರನೇಮಹಡಿ
ಆ ಪದ ಮರೆತರೆ? ಅಥವಾ ಅವರು ಆಸ್ಪತ್ರೆಯಲ್ಲಿದ್ದಾಗ ನಿಮಗೆ ಬೇಕಾದರೆ?

ನೀಲಿಪೆನ್ನು
ಆ ಪದ ನನಗೂ ಗೊತ್ತು. ಪುಸ್ತಕ ಎಲ್ಲಿದೆ ಅನ್ನುವುದು ಮಾತ್ರ ಅವರಿಗಷ್ಟೇ ಗೊತ್ತು, ಲಾಯರ್ ಹತ್ತಿರ ಮುಚ್ಚಿದ ಲಕೋಟೆಯಲ್ಲಿ ಬರೆದಿಟ್ಟಿದ್ದಾರೆ. ನಾನಾಗಲಿ ಲಾಯರ್ ಆಗಲಿ ಒಬ್ಬರೇ ತೆರೆಯಲಾಗುವುದಿಲ್ಲ.

ಗಣಕಗೆಳೆಯ
ಇಷ್ಟೆಲ್ಲ ಯಾಕೆ? ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಡುವ ಆ್ಯಪ್, ಹಾಕಿಕೊಳ್ಳಿ. ಅದಕ್ಕೆ ಒಂದು ಉದ್ದನೆಯ ಪಾಸ್‌ವರ್ಡ್ ನೆನಪಿಟ್ಟರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನೋಟ್‌ಬುಕ್‌ಗೆ ಇಲ್ಲದ ಒಂದು ಗುಣ ಇದಕ್ಕಿದೆ. ಸೈಟ್‌ನ ವಿಳಾಸ ಸ್ವಲ್ಪ ಬೇರೆ ಇದ್ದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ. ನಮ್ಮ ಕಣ್ಣು ಮೋಸ ಹೋಗುತ್ತದೆ, ಅದು ಹೋಗುವುದಿಲ್ಲ. ‘ಇವತ್ತು ಯಾಕೋ ತಾನಾಗಿ ತುಂಬುತ್ತಿಲ್ಲ’ ಅನ್ನಿಸಿದರೆ ಅಲ್ಲೇ ನಿಂತು ವಿಳಾಸ ನೋಡಬೇಕು. ನೋಟ್‌ಬುಕ್ ನೋಡಿ ಟೈಪ್ ಮಾಡುವವರು ನಕಲಿ ಸೈಟ್‌ಗೂ ಶ್ರದ್ಧೆಯಿಂದ ಟೈಪ್ ಮಾಡಿಬಿಡುತ್ತಾರೆ.

ಸುಮ್ನೆಬಂದೆ
2022ರಲ್ಲಿ ಲಾಸ್ಟ್‌ಪಾಸ್ ಎಂಬ ಅಂಥದೇ ಮ್ಯಾನೇಜರ್‌ನಿಂದಲೇ ಗ್ರಾಹಕರ ಕಡತಗಳು ಕದ್ದುಹೋದವಲ್ಲ? ಎಲ್ಲ ಒಂದೇ ಕಡೆ ಇಟ್ಟರೆ ಎಲ್ಲ ಒಟ್ಟಿಗೇ ಹೋಗುತ್ತದೆ.

ಕೀಲಿಗೊಂಚಲು
ಕದ್ದ ಪ್ರತಿಯಲ್ಲಿ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು. ಮ್ಯಾನೇಜರ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಉದ್ದವಿದ್ದವರದನ್ನು ಒಡೆಯುವುದು ಬಹಳ ಕಷ್ಟ, ಚಿಕ್ಕದಿದ್ದವರಿಗೆ ಅಪಾಯ ಜಾಸ್ತಿ. ನಿಮ್ಮ ಭಯ ಸುಳ್ಳಲ್ಲ. ಆದರೂ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಡುವುದಕ್ಕಿಂತ ಇದೇ ಮೇಲು.

ಉದ್ದ ಅಂದಾಗ ನೆನಪಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಸೇರಿಸಿ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸರಿ. ಗಾದೆ ಬೇಡ, ಹಾಡಿನ ಸಾಲು ಬೇಡ, ಮಕ್ಕಳ ಹೆಸರಂತೂ ಬೇಡ. ಕಣ್ಣು ಮುಚ್ಚಿ ನಿಘಂಟು ತೆರೆದು ಬೆರಳಿಟ್ಟ ಪದ ಆಯ್ದುಕೊಳ್ಳಿ. ನಾವೇ ಯೋಚಿಸಿ ಆಯ್ದ ಪದ ಬೇರೆಯವರಿಗೂ ಹೊಳೆಯುತ್ತದೆ.

ಸಂಜೆಬೆಳಕು
ನಿಘಂಟು ಪಕ್ಕದಲ್ಲೇ ಇದೆ, ಅದು ಆಗುವ ಕೆಲಸ. ಪಾಸ್‌ಕೀ ಬಗ್ಗೆ ಯಾರೂ ಹೇಳಲಿಲ್ಲ.

ಗಣಕಗೆಳೆಯ
ಹೇಳುತ್ತೇನೆ ಮೇಡಂ. ಪಾಸ್‌ಕೀ ಅಂದರೆ ಪಾಸ್‌ವರ್ಡ್ ಟೈಪ್ ಮಾಡದೆ ಲಾಗಿನ್ ಆಗುವ ವ್ಯವಸ್ಥೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಇದನ್ನು ಎಲ್ಲ ಕಡೆ ತರುತ್ತೇವೆ ಎಂದು 2022ರ ಮೇ ತಿಂಗಳಲ್ಲಿ ಘೋಷಿಸಿದವು. ಹಾಗಾಗಿ ನಿಮಗೆ ಬಂದಿರುವುದು ಮೋಸವಲ್ಲ. ಆದರೂ ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಮಾಡಬೇಡಿ, ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಅನ್ನುವ ಕಡೆ ನೀವೇ ಹೋಗಿ ಮಾಡಿ.

ಅದು ಕೆಲಸ ಮಾಡುವುದು ಹೀಗೆ. ನಿಮ್ಮ ಫೋನ್ ಒಂದು ಜೋಡಿ ಕೀಲಿ ತಯಾರಿಸುತ್ತದೆ. ಒಂದು ಸೈಟ್ ಹತ್ತಿರ ಹೋಗುತ್ತದೆ. ಗುಟ್ಟಿನ ಇನ್ನೊಂದು ನಿಮ್ಮ ಹತ್ತಿರವೇ ಉಳಿಯುತ್ತದೆ. ಲಾಗಿನ್ ಆಗುವಾಗ ಸೈಟ್ ಒಂದು ಸವಾಲು ಕಳಿಸುತ್ತದೆ, ಫೋನ್ ಆ ಗುಟ್ಟಿನ ಕೀಲಿಯಿಂದ ಸಹಿ ಮಾಡಿ ಉತ್ತರಿಸುತ್ತದೆ. ನೀವು ಮಾಡುವುದು ಬೆರಳಿಡುವುದು ಅಥವಾ ಫೋನ್ ಪಿನ್ ಒತ್ತುವುದು, ಅಷ್ಟೇ. ಬೆರಳಚ್ಚು ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮುಖ್ಯ ವಿಷಯ ಏನೆಂದರೆ, ಆ ಕೀಲಿ ಆ ಒಂದು ಸೈಟ್‌ನ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ನಕಲಿ ಸೈಟ್ ಕೇಳಿದರೆ ಕೆಲಸವೇ ಮಾಡುವುದಿಲ್ಲ. ಫೋನ್‌ನಲ್ಲಿ ಯಾರಾದರೂ ನಯವಾಗಿ ಕೇಳಿದರೂ ಓದಿ ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಹಳೇಓದುಗ
ಬೆರಳಿಡುವುದು ಅಂತ ಎಷ್ಟು ಸುಲಭವಾಗಿ ಹೇಳಿಬಿಟ್ಟಿರಿ! ನನಗೆ 78. ಬೆರಳಿನ ಗೆರೆ ಸವೆದಿದೆ, ಚರ್ಮ ಒಣಗಿದೆ, ಫೋನ್ ನನ್ನನ್ನು ಗುರುತೇ ಹಿಡಿಯುವುದಿಲ್ಲ. ಪಾಸ್‌ವರ್ಡ್ ಜೊತೆಗೆ ಕೇಳುವ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ನ ಆರು ಅಂಕಿ 30 ಸೆಕೆಂಡಿಗೆ ಬದಲಾಗುತ್ತದೆ. ಕನ್ನಡಕ ಏರಿಸಿ, ಫೋನ್ ನೋಡಿ, ಕಂಪ್ಯೂಟರ್‌ಗೆ ತಿರುಗಿ ನಾಲ್ಕನೇ ಅಂಕಿ ಒತ್ತುವಾಗ ಅಲ್ಲಿ ಹೊಸ ಅಂಕಿ ಬಂದಿರುತ್ತದೆ. ಇದನ್ನೆಲ್ಲ ಮಾಡುವವರು ಇಪ್ಪತ್ತೈದರ ಕೈ, ಇಪ್ಪತ್ತೈದರ ಕಣ್ಣು ಇಟ್ಟುಕೊಂಡೇ ಮಾಡುತ್ತಾರೆ. ಸುರಕ್ಷತೆ ಅಂದರೆ ಬಳಸಲು ಆಗುವಂಥದ್ದೂ ಆಗಿರಬೇಕು ಅಲ್ವಾ?

ಸೇತುವೆ
ನಿಮ್ಮ ಮಾತಿಗೆ ನನ್ನ ಪೂರ್ತಿ ಬೆಂಬಲ ಸರ್. ಸಣ್ಣ ಸಹಾಯ ಅಂತ ಹೇಳುತ್ತೇನೆ: ಅಂಕಿ ಹೊಸದಾಗಿ ಬದಲಾದ ಕ್ಷಣದಲ್ಲಿ ಶುರು ಮಾಡಿ, ಪೂರ್ತಿ 30 ಸೆಕೆಂಡ್ ಸಿಗುತ್ತದೆ. ಬಹಳಷ್ಟು ಸೈಟ್‌ಗಳು ಆಗಷ್ಟೇ ಹೋದ ಹಿಂದಿನ ಅಂಕಿಯನ್ನೂ ಸ್ವಲ್ಪ ಹೊತ್ತು ಒಪ್ಪುತ್ತವೆ. ಪಾಸ್‌ಕೀಗೆ ಬೆರಳೇ ಬೇಕೆಂದಿಲ್ಲ, ಫೋನ್ ತೆರೆಯುವ ಪಿನ್ ಸಾಕು. ಪಿನ್ ಮಾತ್ರ ಹುಟ್ಟಿದ ವರ್ಷ ಆಗಿರಬಾರದು. ಬೆರಳಚ್ಚು ಹಿಡಿಯದವರು ಒಂದೇ ಬೆರಳನ್ನು ಬೇರೆ ಬೇರೆ ಕೋನದಲ್ಲಿ ಎರಡು ಸಲ ನೋಂದಾಯಿಸಿದರೆ ಕೆಲವರಿಗೆ ಸರಿಹೋಗುತ್ತದೆ.

ಮೂರನೇಮಹಡಿ
ಫೋನ್ ಕಳೆದುಹೋದರೆ ಪಾಸ್‌ಕೀ ಕಥೆ ಮುಗಿಯಿತಾ?

ಗಣಕಗೆಳೆಯ
ಇಲ್ಲ. ಸಾಮಾನ್ಯವಾಗಿ ಅದು ನಿಮ್ಮ ಗೂಗಲ್ ಅಥವಾ ಆಪಲ್ ಖಾತೆಯ ಜೊತೆ ಸಿಂಕ್ ಆಗಿರುತ್ತದೆ, ಹೊಸ ಫೋನ್‌ನಲ್ಲಿ ಆ ಖಾತೆಗೆ ಹೋದರೆ ವಾಪಸ್ ಬರುತ್ತದೆ.

ಕೀಲಿಗೊಂಚಲು
ಅಂದರೆ ಆ ಖಾತೆಗೇ ಹೋಗಲಾಗದಿದ್ದರೆ ಎಲ್ಲವೂ ಹೋದಂತೆ. ಬಹಳ ಜನ ಇದನ್ನು ಗಮನಿಸುವುದಿಲ್ಲ. ಮುಖ್ಯ ಇಮೇಲ್ ಅನ್ನುವುದು ಮನೆಯ ಎಲ್ಲ ಕೋಣೆಗಳ ಬೀಗದಕೈ ತೂಗುಹಾಕಿದ ಮೊಳೆ ಇದ್ದಂತೆ. ಬ್ಯಾಂಕ್ ಬಿಟ್ಟರೆ ಉಳಿದ ಹೆಚ್ಚಿನ ಕಡೆ ‘ಪಾಸ್‌ವರ್ಡ್ ಮರೆತೆ’ ಎಂದು ಒತ್ತಿದರೆ ಲಿಂಕ್ ಬರುವುದು ಅಲ್ಲಿಗೇ. ಆದ್ದರಿಂದ ಸಂಜೆಬೆಳಕು ಅವರೇ, ನಿಮಗೆ ಸಮಯ ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಅದೊಂದನ್ನು ಗಟ್ಟಿ ಮಾಡಿ. ಬೇರೆಲ್ಲೂ ಬಳಸದ ಪಾಸ್‌ವರ್ಡ್, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು), ಜೊತೆಗೆ ಫೋನ್ ಕೈಯಲ್ಲಿ ಇಲ್ಲದಾಗ ಬಳಸುವ ಬ್ಯಾಕಪ್ ಕೋಡ್. ಗೂಗಲ್‌ನಲ್ಲಿ ಹತ್ತು ಕೋಡ್ ಕೊಡುತ್ತಾರೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಪ್ರಿಂಟ್ ತೆಗೆದು ನಿಮ್ಮ ಆ ನೋಟ್‌ಬುಕ್ ಜೊತೆಗೇ ಇಡಿ. ಖಾತೆ ವಾಪಸ್ ಪಡೆಯಲು ಕೋಡ್ ಬರುವ ರಿಕವರಿ ಫೋನ್ ನಂಬರ್ ಯಾವುದಿದೆ ನೋಡಿ. ಎಂದೋ ಬಿಟ್ಟ ಹಳೇ ನಂಬರ್ ಇನ್ನೂ ಅಲ್ಲೇ ಇರುವವರು ಬಹಳ ಜನ.

ಸಂಜೆಬೆಳಕು
ಈಗಲೇ ನೋಡಿದೆ. ನಮ್ಮ ಯಜಮಾನರ ನಂಬರ್ ಇದೆ. ಅವರು ಹೋದ ಮೇಲೆ ಅದನ್ನು ನಿಲ್ಲಿಸಿಬಿಟ್ಟೆವು.

ಸೇತುವೆ
ಅಮ್ಮ, ಇವತ್ತೇ ಬದಲಿಸಿ. ನಿಂತುಹೋದ ನಂಬರನ್ನು ಕಂಪನಿಯವರು ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತಾರೆ. ನಿಮ್ಮ ಕೋಡ್ ಆ ಹೊಸಬರಿಗೆ ಹೋಗಬಾರದು.

ಮಳೆಹಕ್ಕಿ
ನೀವೆಲ್ಲ ಪಾಸ್‌ವರ್ಡ್ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ದೊಡ್ಡಮ್ಮನ ಪಾಸ್‌ವರ್ಡ್ ಯಾರೂ ಒಡೆಯಲಿಲ್ಲ. ಅವರೇ ಬಾಗಿಲು ತೆಗೆಯುವ ಹಾಗೆ ಮಾಡಿದರು.

ಏನೋ ಓದುತ್ತಾ ಕೂತಿದ್ದರಂತೆ. ತಟ್ಟನೆ ಪರದೆ ಪೂರ್ತಿ ಕೆಂಪಾಯಿತು, ಸೈರನ್ ಕೂಗಿತು, ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರ್‌ಗೆ ಫೋನ್ ಮಾಡಿ’ ಎಂದು ಒಂದು ದನಿ ಮತ್ತೆ ಮತ್ತೆ ಹೇಳಿತು. ಮುಚ್ಚುವ ಗುರುತು ಕಾಣಲಿಲ್ಲ. ಫೋನ್ ಮಾಡಿದರು. ಆ ಕಡೆಯವನು ಬಹಳ ಸಮಾಧಾನದಿಂದ ಮಾತಾಡಿ, ‘ಹೆದರಬೇಡಿ, ನಾನು ಸರಿ ಮಾಡಿಕೊಡುತ್ತೇನೆ’ ಎಂದು ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿದ. ಆಮೇಲೆ ಬ್ಯಾಂಕ್ ತೆರೆಯಿರಿ, ದುಡ್ಡು ಹೋಗಿದೆಯಾ ನೋಡೋಣ ಎಂದ. ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುವುದನ್ನು ದೊಡ್ಡಮ್ಮ ನೋಡುತ್ತಲೇ ಇದ್ದರು. ಅವನು ಮಧ್ಯದಲ್ಲಿ ಫೋನ್ ಇಡಲು ಬಿಡಲೇ ಇಲ್ಲ. ದುಡ್ಡು ಹೋದದ್ದಕ್ಕಿಂತ, ಅವರು ಅದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ ಅನ್ನುವುದು ನನಗೆ ಜಾಸ್ತಿ ನೋವು ಕೊಟ್ಟಿತು. ‘ನಿಮಗೆ ತಿಳಿಯುವುದಿಲ್ಲ’ ಎಂದು ನಾವೆಲ್ಲ ಬೈಯುತ್ತೇವೆ ಅಂತ ಹೆದರಿದ್ದರು.

ಕೀಲಿಗೊಂಚಲು
ಇದನ್ನು ಬರೆದದ್ದು ಒಳ್ಳೆಯದಾಯಿತು. ದೂರದಿಂದ ಪರದೆ ನೋಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು ನಿಜವಾದ, ಉಪಯೋಗದ ಸಾಫ್ಟ್‌ವೇರ್‌ಗಳೇ. ಕಳ್ಳರು ಅವನ್ನು ಹೀಗೆ ಬಳಸುತ್ತಾರೆ, ಅವು ಅಸಲಿಯೇ ಆದ್ದರಿಂದ ಆ್ಯಂಟಿವೈರಸ್ ಕೂಡ ಸಾಮಾನ್ಯವಾಗಿ ತಡೆಯುವುದಿಲ್ಲ. ಮೈಕ್ರೋಸಾಫ್ಟ್ ತಾನೇ ಹೇಳಿರುವ ಮಾತು: ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ಪರದೆಯ ಮೇಲೆ ನಂಬರ್ ಕಂಡಿತೋ, ಮೋಸ.

ಆ ಕೆಂಪು ಪರದೆ ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಮಾನ್ಯವಾಗಿ ಪುಟ ಚಿಕ್ಕದಾಗಿ ಮುಚ್ಚುವ ಗುರುತು ಕಾಣುತ್ತದೆ. ಏನೂ ತೋಚದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಏನೂ ಆಗುವುದಿಲ್ಲ. ಮತ್ತೆ ತೆರೆದಾಗ ಬ್ರೌಸರ್ ‘ಹಳೇ ಪುಟಗಳನ್ನು ತೆರೆಯಲಾ’ ಎಂದರೆ ಬೇಡ ಅನ್ನಿ.

ಹಳೇಓದುಗ
ನನಗೆ ಬಂದ ಕರೆಯಲ್ಲಿ ಬ್ಯಾಂಕಿನ ನಿಜವಾದ ನಂಬರೇ ಕಾಣುತ್ತಿತ್ತು. ಕಾರ್ಡ್‌ನ ಹಿಂದೆ ಇದ್ದದ್ದಕ್ಕೆ ಹೋಲಿಸಿ ನೋಡಿದೆ, ಅದೇ. ಆದರೂ ‘ನಾನೇ ವಾಪಸ್ ಮಾಡುತ್ತೇನೆ’ ಎಂದು ಇಟ್ಟೆ. ಅವನಿಗೆ ಸಿಟ್ಟು ಬಂತು. ಬ್ಯಾಂಕಿನವರಿಗೆ ಯಾಕೆ ಸಿಟ್ಟು ಬರಬೇಕು?

ಸೇತುವೆ
ಕಾಣುವ ನಂಬರನ್ನು ಸುಳ್ಳಾಗಿ ತೋರಿಸಬಹುದು ಸರ್. ನೀವು ಮಾಡಿದ್ದೇ ಸರಿ. ಈಗ ದನಿಯನ್ನೂ ನಕಲು ಮಾಡುತ್ತಾರೆ. ವಿಡಿಯೋಗಳಲ್ಲಿ ಸಿಗುವ ಸ್ವಲ್ಪ ಮಾತು ಸಾಕು, ‘ಅಜ್ಜಿ, ಆಕ್ಸಿಡೆಂಟ್ ಆಗಿದೆ, ಅಪ್ಪನಿಗೆ ಹೇಳಬೇಡಿ’ ಎಂದು ಮೊಮ್ಮಗನ ದನಿಯಲ್ಲೇ ಬರುತ್ತದೆ. ದನಿ ನಿಜವೋ ಸುಳ್ಳೋ ಕಿವಿಯಿಂದ ಪರೀಕ್ಷೆ ಮಾಡಲು ಹೋಗಬೇಡಿ, ಅದು ದಿನದಿನಕ್ಕೆ ಚೆನ್ನಾಗುತ್ತಲೇ ಇರುತ್ತದೆ. ಇಟ್ಟು, ನಿಮ್ಮ ಫೋನ್‌ನಲ್ಲಿ ಸೇವ್ ಆಗಿರುವ ಅವನ ನಂಬರ್‌ಗೆ ನೀವೇ ಮಾಡಿ. ಸಿಗದಿದ್ದರೆ ಅವನ ಅಪ್ಪನಿಗೆ ಮಾಡಿ, ಹೇಳಬೇಡಿ ಎಂದಿದ್ದರಂತೂ ಖಂಡಿತ ಮಾಡಿ.

ಸಂಜೆಬೆಳಕು ಅವರು ‘ಎಲ್ಲ ಬದಲಾಗುತ್ತದೆ’ ಅಂದರಲ್ಲ, ಇದು ಮಾತ್ರ ಬದಲಾಗುವುದಿಲ್ಲ. ಮೇಲ್ ಬರಲಿ, ಕರೆ ಬರಲಿ, ವಿಡಿಯೋದಲ್ಲಿ ಪೊಲೀಸ್ ಬಟ್ಟೆ ಹಾಕಿದವನೇ ಬರಲಿ, ತಾನಾಗಿ ಬಂದವನ ಜೊತೆ ವ್ಯವಹಾರ ಬೇಡ. ವ್ಯವಹಾರ ಇದ್ದರೆ ನೀವು ಹುಡುಕಿಕೊಂಡು ಹೋಗಿ, ನಿಮಗೆ ಮೊದಲೇ ಗೊತ್ತಿರುವ ನಂಬರ್ ಅಥವಾ ಆ್ಯಪ್ ಮೂಲಕ.

ಸುಮ್ನೆಬಂದೆ
ನಂಬರ್ ಬೇಕೆಂದು ಗೂಗಲ್‌ನಲ್ಲಿ ಹುಡುಕುವುದೂ ಅಪಾಯ. ಮೇಲೆ ಬರುವ ಜಾಹೀರಾತೇ ನಕಲಿ ಆಗಿರಬಹುದು. ಕಾರ್ಡ್ ಹಿಂದೆ ಅಥವಾ ಪಾಸ್‌ಬುಕ್‌ನಲ್ಲಿ ಇರುವುದನ್ನೇ ಬಳಸಿ.

ನೀಲಿಪೆನ್ನು
ಆ ಬೀಗದ ಚಿಹ್ನೆ ಯಾಕೆ ಹೋಯಿತು ಅಂತ ಯಾರೂ ಹೇಳಲಿಲ್ಲ. 2023ರಲ್ಲಿ ಕ್ರೋಮ್ 117ರಿಂದ ಅದನ್ನು ತೆಗೆದರು. ಬೀಗ ಅಂದರೆ ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಅಂತಷ್ಟೇ ಅರ್ಥ. ಆ ಕಡೆ ಕೂತವನು ಒಳ್ಳೆಯವನು ಅಂತಲ್ಲ. ನಕಲಿ ಸೈಟ್‌ಗಳೂ ಬೀಗ ಹಾಕಿಕೊಂಡೇ ಬರತೊಡಗಿದವು, ಜನ ನಂಬುತ್ತಿದ್ದರು.

ವಿಳಾಸ ಓದುವುದನ್ನು ಕಲಿಯಿರಿ. ಶುರುವಿನ ಎರಡು ಓರೆ ಗೀಟು (//) ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಗೀಟು (/) ಎಲ್ಲಿದೆ ನೋಡಿ. ಅಲ್ಲಿಂದ ಹಿಂದಕ್ಕೆ, ಎಡಕ್ಕೆ ಓದಿ. ‘ನಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಬೇಗಲಾಗಿನ್ ಡಾಟ್ ಇನ್ಫೊ’ ಎಂದಿದ್ದರೆ ಅದು ನಮ್ಮಬ್ಯಾಂಕ್ ಅಲ್ಲ, ‘ಬೇಗಲಾಗಿನ್’ ಎಂಬ ಯಾರೋ. ಮುಂದೆ ಏನು ಬೇಕಾದರೂ ಅಂಟಿಸಬಹುದು. ಫೋನ್‌ನಲ್ಲಿ ವಿಳಾಸ ಪೂರ್ತಿ ಕಾಣುವುದೂ ಇಲ್ಲ, ಅದಕ್ಕೇ ಬ್ಯಾಂಕಿನ ಕೆಲಸಕ್ಕೆ ಲಿಂಕ್ ಬೇಡ, ಆ್ಯಪ್ ಅಥವಾ ನೀವೇ ಇಟ್ಟುಕೊಂಡ ಬುಕ್‌ಮಾರ್ಕ್.

ಗಣಕಗೆಳೆಯ
ವಿಷಯ ಸ್ವಲ್ಪ ಬೇರೆ. ಪಾಸ್‌ವರ್ಡನ್ನು ಕಂಪ್ಯೂಟರ್‌ಗೆ ತಂದವರೆಂದು ಹೆಸರಾದ ಫರ್ನಾಂಡೊ ಕೊರ್ಬಾಟೊ 1960ರ ದಶಕದ ಶುರುವಿನಲ್ಲಿ ಎಂಐಟಿಯಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಅದನ್ನು ಬಳಸಿದರು. ವಯಸ್ಸಾದ ಮೇಲೆ, 2014ರಲ್ಲಿ, ವೆಬ್‌ನಲ್ಲಿ ಅದು ದುಃಸ್ವಪ್ನದಂತಾಗಿದೆ ಎಂದು ಅವರೇ ಹೇಳಿದ್ದರು. ಅಷ್ಟು ದೊಡ್ಡವರಿಗೇ ಕಷ್ಟವಾದದ್ದು ನಮ್ಮ ಹಿರಿಯರಿಗೆ ಕಷ್ಟವಾದರೆ ಅದು ಅವರ ಕೊರತೆಯಲ್ಲ.

ಹಳೇಓದುಗ
ಇದನ್ನು ಓದಿ ಖುಷಿಯಾಯಿತು. ನನ್ನ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇದೆ. ಚೆನ್ನಾಗಿಯೇ ನಡೆಯುತ್ತಿದೆ. ಬಿಡಲೇಬೇಕಾ?

ಕೀಲಿಗೊಂಚಲು
2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟರು, ಅದಕ್ಕೆ ನೋಂದಾಯಿಸಿಕೊಳ್ಳಬೇಕು. ಅದಿಲ್ಲದಿದ್ದರೂ ಯಂತ್ರ ನಡೆಯುತ್ತದೆ ಸರ್, ಆದರೆ ಹೊಸದಾಗಿ ಸಿಕ್ಕ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ಹಳೇ ಯಂತ್ರಕ್ಕೆ ವಿಂಡೋಸ್ 11 ಹತ್ತದಿದ್ದರೆ, ಗೊತ್ತಿರುವವರಿಂದ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಸಬಹುದು. ಬ್ಯಾಂಕ್ ಕೆಲಸವನ್ನಾದರೂ ಅಪ್‌ಡೇಟ್ ಬರುತ್ತಿರುವ ಫೋನ್‌ಗೆ ಬದಲಿಸಿ.

ಮಳೆಹಕ್ಕಿ
ಮೊದಲ ಪ್ರಶ್ನೆ ಹಾಗೇ ಉಳಿಯಿತು. ಮಗನಿಗೆ ಕೊಡಬೇಕಾ ಬೇಡವಾ? ನನ್ನ ಪ್ರಕಾರ ಕೊಟ್ಟುಬಿಡುವುದೇ ಒಳ್ಳೆಯದು. ದೊಡ್ಡಮ್ಮನದು ನೋಡಿದ ಮೇಲೆ ನನಗೆ ಬೇರೆ ಧೈರ್ಯವಿಲ್ಲ.

ಹಳೇಓದುಗ
ಒಪ್ಪುವುದಿಲ್ಲ. ಒಮ್ಮೆ ಬಿಟ್ಟುಕೊಟ್ಟರೆ ಕೈ ತಪ್ಪುತ್ತದೆ, ಆಮೇಲೆ ಒಂದು ಬಿಲ್ ಕಟ್ಟಲೂ ಕೇಳಬೇಕು. ಮೋಸ ಇಪ್ಪತ್ತರವರಿಗೂ ಆಗುತ್ತದೆ, ಅವರ ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ.

ಸೇತುವೆ
ಎರಡರ ನಡುವೆ ದಾರಿ ಇದೆ. ಕೆಲವು ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ತುರ್ತು ಪ್ರವೇಶ ಅಂತ ಇರುತ್ತದೆ. ಮಗ ಕೇಳಿಕೊಂಡರೆ ನಿಮಗೆ ಸೂಚನೆ ಬರುತ್ತದೆ. ನೀವು ಇಟ್ಟ ಗಡುವಿನೊಳಗೆ ಬೇಡ ಅನ್ನದಿದ್ದರೆ ಮಾತ್ರ ಅವನಿಗೆ ತೆರೆಯುತ್ತದೆ. ನೀವು ಚೆನ್ನಾಗಿರುವಷ್ಟು ದಿನ ಬೇಡ ಅನ್ನುವ ಹಕ್ಕು ನಿಮ್ಮದೇ. ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ, ನೀವು ಹೇಳಿದಷ್ಟು ತಿಂಗಳು ಖಾತೆ ಬಳಸದಿದ್ದರೆ ನೀವು ಆಯ್ದವರಿಗೆ ಆಯ್ದ ಮಾಹಿತಿ ಹೋಗುತ್ತದೆ. ಆಪಲ್‌ನಲ್ಲಿ 2021ರಿಂದ ಲೆಗಸಿ ಕಾಂಟ್ಯಾಕ್ಟ್ ಇದೆ, ನಮ್ಮ ಕಾಲಾನಂತರ ಖಾತೆ ನೋಡಬಹುದಾದವರನ್ನು ಮೊದಲೇ ಹೆಸರಿಸುವುದು. ರಿಕವರಿ ಕಾಂಟ್ಯಾಕ್ಟ್ ಅನ್ನುವುದೂ ಇದೆ, ನೀವು ಸಿಕ್ಕಿಹಾಕಿಕೊಂಡಾಗ ಅವನು ಕೋಡ್ ಹೇಳಬಹುದು, ನಿಮ್ಮ ಒಳಗಿನದು ಅವನಿಗೆ ಕಾಣುವುದಿಲ್ಲ. ಬ್ಯಾಂಕಿನ ವಿಷಯ ಬ್ಯಾಂಕಿನಲ್ಲೇ ಕಾಗದದ ಮೂಲಕ ಮಾಡಿಸಿ. ಪಾಸ್‌ವರ್ಡ್ ಹಂಚಿಕೊಂಡು ಏನಾದರೂ ಆದರೆ ಬ್ಯಾಂಕ್ ಜವಾಬ್ದಾರಿ ತೆಗೆದುಕೊಳ್ಳದೆ ಇರಬಹುದು.

ಇನ್ನೊಂದು ಮಾತು. ದಿನದ ವರ್ಗಾವಣೆ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೇ ಇಳಿಸಿ. ಉಳಿತಾಯವೆಲ್ಲ ಆನ್‌ಲೈನ್‌ಗೆ ಸೇರಿಸದ ಬೇರೆ ಖಾತೆಯಲ್ಲಿರಲಿ. ಆಗ ಏನೇ ಆದರೂ ಹೋಗುವುದು ಸ್ವಲ್ಪವೇ.

ಮಳೆಹಕ್ಕಿ
ಬೇಡ ಅನ್ನುವ ಹಕ್ಕು ಉಳಿಯುವುದಾದರೆ ನಾನೂ ಒಪ್ಪುತ್ತೇನೆ. ಮಕ್ಕಳ ಕಡೆಯವಳಾಗಿ ಒಂದು ಹೇಳುತ್ತೇನೆ. ಅಪ್ಪ ಅಮ್ಮ ಏನಾದರೂ ಕೇಳಿದಾಗ ಫೋನ್ ಕಿತ್ತುಕೊಂಡು ಟಕಟಕ ಒತ್ತಿ ವಾಪಸ್ ಕೊಡುವುದನ್ನು ನಾವು ಬಿಡಬೇಕು. ಅವರ ಕೈಯಲ್ಲೇ ಒತ್ತಿಸಬೇಕು. ಏನಾದರೂ ಆದರೆ ಮೊದಲು ಬ್ಯಾಂಕಿಗೆ ಫೋನ್, ಆಮೇಲೆ ನಮಗೆ, ಬೈಗುಳ ಇಲ್ಲ ಎಂದು ಮೊದಲೇ ಮಾತು ಕೊಡಬೇಕು. ದೊಡ್ಡಮ್ಮ ಆಗಲೇ ಬ್ಯಾಂಕಿಗೆ ಹೇಳಿದ್ದರೆ ಸ್ವಲ್ಪವಾದರೂ ತಡೆಯಬಹುದಿತ್ತೋ ಏನೋ.

ಸಂಜೆಬೆಳಕು
ಎಲ್ಲರಿಗೂ ಧನ್ಯವಾದ. ರಿಕವರಿ ನಂಬರ್ ಬದಲಿಸಿದೆ. ಪಾಸ್‌ಕೀ ಮಾಡಿದೆ, ಸೆಟ್ಟಿಂಗ್ಸ್ ಮೂಲಕವೇ. ಬ್ಯಾಕಪ್ ಕೋಡ್ ಪ್ರಿಂಟ್ ಆಗಿದೆ. ಮಗನಿಗೆ ಈ ಚರ್ಚೆ ಕಳಿಸಿದೆ. ತುರ್ತು ಪ್ರವೇಶದ ಗಡುವು ಎಷ್ಟಿರಬೇಕು ಎಂದು ಈಗ ನಮ್ಮಿಬ್ಬರಿಗೂ ವಾದ ನಡೆದಿದೆ. ಅವನು ಎರಡು ದಿನ ಅನ್ನುತ್ತಾನೆ, ನಾನು ಏಳು.

ಒಂದು ಕೊನೆಯ ಪ್ರಶ್ನೆ. ಹಳೇ ಫೋನ್ ಒಂದಿದೆ, ಕೊಟ್ಟುಬಿಡಬೇಕು ಅಂತಿದ್ದೇನೆ. ಏನು ಮಾಡಬೇಕು?

ನೀಲಿಪೆನ್ನು
ಏಳೇ ಇರಲಿ ಮೇಡಂ.

ಗಣಕಗೆಳೆಯ
ಮೊದಲು ಫೋಟೋಗಳ ಪ್ರತಿ ತೆಗೆದುಕೊಳ್ಳಿ. ಅಥೆಂಟಿಕೇಟರ್, ವಾಟ್ಸಾಪ್, ಬ್ಯಾಂಕ್ ಆ್ಯಪ್ ಎಲ್ಲ ಹೊಸ ಫೋನ್‌ನಲ್ಲಿ ನಡೆಯುತ್ತಿವೆಯಾ ನೋಡಿ. ವಾಟ್ಸಾಪ್‌ನಲ್ಲಿ ಎರಡು ಹಂತದ ಪಿನ್ ಹಾಕಿ, ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ್ದು ಇದ್ದರೆ ತೆಗೆದುಬಿಡಿ. ಆಮೇಲೆ ಹಳೇ ಫೋನ್‌ನಲ್ಲಿ ಗೂಗಲ್ ಖಾತೆಯಿಂದ ಹೊರಬಂದು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ. ಅವಸರ ಬೇಡ. ಹೊಸದರಲ್ಲಿ ಒಂದು ತಿಂಗಳ ಬಿಲ್ ಕಟ್ಟಿ ಮುಗಿದ ಮೇಲೆ ರೀಸೆಟ್ ಮಾಡಿದರೂ ಸಾಕು.